ಪರದೆಗೆ ಬೆಲೆ ಕಟ್ಟುವ ಮುನ್ನ: ಹೆತ್ತವರಿಗೊಂದು ಬಹಿರಂಗ ಪತ್ರ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಮಾನ್ಯ ಹೆತ್ತವರಿಗೆ,



ಕಂಪ್ಯೂಟರಿನ ಭಾಗಗಳಲ್ಲಿ ಕಣ್ಣಿಗೆ ನೇರವಾಗಿ ತಾಗುವುದು ಪರದೆ ಒಂದೇ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಡಬ್ಬಿಯೊಳಗೆ ಇರುತ್ತವೆ. ಅವು ಹಳತಾದರೆ ಕೆಲಸ ನಿಧಾನವಾಗುತ್ತದೆ, ಅಷ್ಟೆ. ಪರದೆ ಕಳಪೆಯಾದರೆ ಅದರ ದಂಡ ತೆರುವುದು ಕಣ್ಣು ಮತ್ತು ಕುತ್ತಿಗೆ. ಆದರೂ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು ಮನೆಗೆ ಕಂಪ್ಯೂಟರ್ ತರುವ ಮಾತು ಎದ್ದಾಗ ವಿಚಾರಣೆಯೆಲ್ಲ ಡಬ್ಬಿಯ ಬಗ್ಗೆಯೇ ನಡೆಯುತ್ತದೆ. ಉಳಿದ ಹಣದಲ್ಲಿ ‘ಒಂದು ಮಾನಿಟರ್ ಹಾಕಿ ಕೊಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಡಬ್ಬಿಯೊಳಗಿನ ಭಾಗಗಳನ್ನು ಮೂರು ನಾಲ್ಕು ವರ್ಷಕ್ಕೆ ಬದಲಿಸಿದರೂ ಪರದೆ ಏಳೆಂಟು ವರ್ಷ ಅದೇ ಮೇಜಿನ ಮೇಲೆ ಉಳಿಯುವುದುಂಟು. ಹೆಚ್ಚು ಕಾಲ ಬಾಳುವ, ಹೆಚ್ಚು ಹೊತ್ತು ನೋಡುವ ವಸ್ತುವಿಗೇ ಕಡಿಮೆ ಯೋಚನೆ ಸಲ್ಲುತ್ತಿದೆ.

ಚಪ್ಪಟೆ ಪರದೆಯ ಗುಣವನ್ನು ಅದು ಬರುವ ಪೆಟ್ಟಿಗೆಯ ಮೇಲಿನ ಅಂಕಿಗಳಿಂದ ಪೂರ್ತಿ ಅಳೆಯಲಾಗದು. ಅಂಕಿಗಳನ್ನು ಬಿಟ್ಟೂ ಅಳೆಯಲಾಗದು. ಯಾವ ಅಂಕಿಗೆ ಅರ್ಥವಿದೆ, ಯಾವುದಕ್ಕಿಲ್ಲ, ಕಣ್ಣಿನಿಂದಲೇ ಪರೀಕ್ಷಿಸಬೇಕಾದ್ದು ಯಾವುದು ಎಂಬುದು ತಿಳಿದರೆ ಸಾಕು, ಸಾಮಾನ್ಯ ಮನೆಯವರೂ ಒಳ್ಳೆಯ ಪರದೆಯನ್ನು ಸರಿಯಾದ ಬೆಲೆಗೆ ತರಬಹುದು.

ಚಿತ್ರ ಮೂಡುವ ಬಗೆ

ಮನೆಗಳಲ್ಲಿ ಬಳಕೆಯಲ್ಲಿರುವ ಬಹುಪಾಲು ಮಾನಿಟರ್‌ಗಳು ದ್ರವ ಸ್ಫಟಿಕದ ಪರದೆಗಳು, ಅಂದರೆ ಎಲ್‌ಸಿಡಿ. ಹಿಂಬದಿಯಲ್ಲಿ ಬಿಳಿ ಬೆಳಕಿನ ಒಂದು ಪದರ ಸದಾ ಉರಿಯುತ್ತಿರುತ್ತದೆ. ಅದರ ಮುಂದೆ ಲಕ್ಷಾಂತರ ಸಣ್ಣ ಕೋಶಗಳಿದ್ದು, ಪ್ರತಿ ಕೋಶದ ದ್ರವ ಸ್ಫಟಿಕವು ಕಿಟಕಿಯ ಪಡಿಯಂತೆ ಕೆಲಸ ಮಾಡುತ್ತದೆ. ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಪಡಿ ತೆರೆಯುತ್ತದೆ, ಮುಚ್ಚುತ್ತದೆ ಅಥವಾ ಅರೆತೆರೆಯಾಗಿ ನಿಲ್ಲುತ್ತದೆ. ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕೆಗಳಿದ್ದು, ಅವುಗಳ ಮಿಶ್ರಣವೇ ಬಣ್ಣ. ಈ ಚುಕ್ಕೆಯನ್ನೇ ಪಿಕ್ಸೆಲ್ ಎನ್ನುತ್ತಾರೆ.

ಅಂಗಡಿಯಲ್ಲಿ ‘ಎಲ್‌ಇಡಿ ಮಾನಿಟರ್’ ಎಂದು ಮಾರುವುದೂ ಇದೇ ಎಲ್‌ಸಿಡಿ. ಹಿಂದೆ ಹಿಂಬೆಳಕಿಗೆ ಪಾದರಸವಿದ್ದ ಸಣ್ಣ ಟ್ಯೂಬ್‌ಲೈಟುಗಳಿದ್ದವು. ಅವುಗಳ ಜಾಗದಲ್ಲಿ ಈಗ ಎಲ್‌ಇಡಿ ದೀಪಗಳಿವೆ. ಎಲ್ಲ ಹೊಸ ಎಲ್‌ಸಿಡಿ ಮಾನಿಟರ್‌ಗಳಲ್ಲೂ ಇರುವ ಆ ದೀಪಕ್ಕಾಗಿ ಪ್ರತ್ಯೇಕವಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ದ್ರವ ಸ್ಫಟಿಕದ ವಿಜ್ಞಾನದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗವನ್ನು ಮುನ್ನಡೆಸಿ, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ ಬಿಲ್ಲೆಯಾಕಾರದ ಅಣುಗಳಿಂದಾದ ಹೊಸ ಬಗೆಯ ದ್ರವ ಸ್ಫಟಿಕಗಳನ್ನು ಕಂಡುಹಿಡಿದರು. ಅಂಥ ಬಿಲ್ಲೆ ಅಣುಗಳ ತೆಳು ಪೊರೆಯೇ ಮುಂದೆ ಟಿಎನ್ ಎಂಬ ಹಳೆಯ ಬಗೆಯ ಪರದೆಗಳನ್ನು ಓರೆಯಿಂದ ನೋಡಿದಾಗ ಚಿತ್ರ ಕೆಡುವುದನ್ನು ತಗ್ಗಿಸಲು ಬಳಕೆಗೆ ಬಂತು.

ಅಳತೆ ಮತ್ತು ಅಕ್ಷರ

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಇಂಚುಗಳಲ್ಲಿ ಹೇಳುತ್ತಾರೆ. ಮೊದಲ ತಪ್ಪು ಆಗುವುದು ಇಲ್ಲಿಯೇ. ದೊಡ್ಡ ಪರದೆ ಎಂದರೆ ಸ್ಪಷ್ಟ ಪರದೆ ಎಂದು ಭಾವಿಸುವುದು ಸಹಜ. ಆದರೆ ಸ್ಪಷ್ಟತೆ ಇರುವುದು ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಹಿಡಿಸಿದೆ ಎಂಬುದರಲ್ಲಿ.

ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಒಟ್ಟು ಸುಮಾರು 20.7 ಲಕ್ಷ. 21.5 ಇಂಚಿನ ಪರದೆಯಲ್ಲಿ ಇಷ್ಟನ್ನು ಹರಡಿದರೆ ಇಂಚಿಗೆ ಸುಮಾರು 102 ಪಿಕ್ಸೆಲ್ ಬರುತ್ತದೆ. 24 ಇಂಚೆಂದು ಕರೆಯುವ 23.8 ಇಂಚಿನ ಪರದೆಯಲ್ಲಿ ಅದು 93ಕ್ಕೆ ಇಳಿಯುತ್ತದೆ. 27 ಇಂಚಿನಲ್ಲಿ ಅದೇ ಫುಲ್ ಎಚ್‌ಡಿ ಎಂದರೆ ಇಂಚಿಗೆ ಬರೀ 82. ಇದೇ 27 ಇಂಚಿನಲ್ಲಿ 2560ಕ್ಕೆ 1440ರ ಕ್ಯೂಎಚ್‌ಡಿ ಇದ್ದರೆ 109 ಆಗುತ್ತದೆ. ಮನೆಯ 32 ಇಂಚಿನ ಎಚ್‌ಡಿ ರೆಡಿ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಯೋಚನೆ ಇದ್ದರೆ, ಅದರಲ್ಲಿ ಇಂಚಿಗೆ 49 ಪಿಕ್ಸೆಲ್ ಮಾತ್ರ; ಒಂದೊಂದು ಚುಕ್ಕೆಯೂ ಅರ್ಧ ಮಿಲಿಮೀಟರ್ ಅಗಲ. ಅರವತ್ತು ಸೆಂಟಿಮೀಟರ್ ದೂರದಿಂದ ಆರೋಗ್ಯವಂತ ಕಣ್ಣು ಸುಮಾರು 0.17 ಮಿಲಿಮೀಟರ್ ಅಂತರವನ್ನು ಬೇರ್ಪಡಿಸಿ ಕಾಣಬಲ್ಲದು. ಹಾಗಾಗಿ ಟಿವಿಯ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣುವುದು ಕಣ್ಣಿನ ದೋಷವಲ್ಲ.

ಕನ್ನಡ ಓದುವ, ಬರೆಯುವ ಮನೆಗೆ ಈ ಲೆಕ್ಕ ಇನ್ನೂ ಮುಖ್ಯ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡದ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಬಲಕ್ಕೆ ದೀರ್ಘ, ಅಡಿಯಲ್ಲಿ ಒತ್ತು ಬೇಕು. ‘ಸ್ವಾತಂತ್ರ್ಯ’ದಂಥ ಪದದಲ್ಲಿ ಒತ್ತಿಗೆ ಇನ್ನೊಂದು ಒತ್ತು. ವಿಂಡೋಸ್‌ನ ಮಾಮೂಲಿ ಹೊಂದಿಕೆಯಲ್ಲಿ 11 ಪಾಯಿಂಟಿನ ಅಕ್ಷರಕ್ಕೆ ಸಿಗುವ ಎತ್ತರ ಸುಮಾರು 15 ಪಿಕ್ಸೆಲ್. ಗುಡಿಸು, ಅಕ್ಷರದ ಮೈ, ಒತ್ತು ಮೂರೂ ಅಷ್ಟರಲ್ಲೇ ಹಂಚಿಕೊಳ್ಳಬೇಕು. ‘ದ’ವನ್ನು ‘ಧ’ ಮಾಡಲು ಹೊಟ್ಟೆ ಸೀಳುವ ಗೆರೆಗೆ ಉಳಿಯುವುದು ಒಂದು ಪಿಕ್ಸೆಲ್, ಹೆಚ್ಚೆಂದರೆ ಎರಡು.

ಇಂಥದೊಂದು ಪರದೆಯನ್ನು ಈ ಪತ್ರ ಬರೆದ ಶಿಕ್ಷಕ ಕೋಟೇಶ್ವರದ ಸಮೀಪದ ಮನೆಯೊಂದರಲ್ಲಿ ಕಂಡದ್ದುಂಟು. ಪದವಿ ಓದುವ ಮಗಳಿಗೆ ಮನೆಯವರು ಪ್ರೀತಿಯಿಂದ 27 ಇಂಚಿನ ಫುಲ್ ಎಚ್‌ಡಿ ಪರದೆ ತಂದಿದ್ದರು. ಆಕೆ ಕನ್ನಡದಲ್ಲಿ ಪ್ರಬಂಧ ಟೈಪ್ ಮಾಡುತ್ತ, ಪ್ರತಿ ಎರಡು ಮೂರು ಸಾಲಿಗೊಮ್ಮೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ‘ದಾರ್ಮಿಕ’ ಎಂದಾಗಿದೆಯೋ ‘ಧಾರ್ಮಿಕ’ ಎಂದಾಗಿದೆಯೋ ಎಂದು ನೋಡಿ ಹಿಂದಕ್ಕೆ ಬರುತ್ತಿದ್ದಳು. ಅವಳ ಕನ್ನಡಕದ ನಂಬರು ಸರಿಯಾಗಿಯೇ ಇತ್ತು. ಪರದೆ ಅಕ್ಷರವನ್ನು ದೊಡ್ಡದು ಮಾಡಿತ್ತು, ಸ್ಪಷ್ಟ ಮಾಡಿರಲಿಲ್ಲ. ಅದೇ 15 ಪಿಕ್ಸೆಲ್, ಒಂದೊಂದೂ ಇನ್ನಷ್ಟು ಅಗಲ.

ಹೆಚ್ಚು ಪಿಕ್ಸೆಲ್ ಇರುವ ಪರದೆಯಲ್ಲಿ ಅಕ್ಷರ ಸಣ್ಣದಾಗುತ್ತದೆ ಎಂಬ ಅಂಜಿಕೆ ಬೇಡ. ಕ್ಯೂಎಚ್‌ಡಿ ಪರದೆಯಲ್ಲಿ ವಿಂಡೋಸ್‌ನ ಹಿಗ್ಗಿಸುವ ಅಳತೆಯನ್ನು ಶೇಕಡಾ 125ಕ್ಕೆ ಇಟ್ಟರೆ ಅಕ್ಷರದ ಗಾತ್ರ 24 ಇಂಚಿನ ಫುಲ್ ಎಚ್‌ಡಿಯದ್ದರ ಆಸುಪಾಸಿಗೇ ಬರುತ್ತದೆ, ಆದರೆ ಅದನ್ನು ಬಿಡಿಸಲು ಹೆಚ್ಚು ಚುಕ್ಕೆಗಳು ಸಿಗುತ್ತವೆ. ಬಜೆಟ್ ಕಡಿಮೆಯಿದ್ದರೆ 22 ಅಥವಾ 24 ಇಂಚಿನ ಫುಲ್ ಎಚ್‌ಡಿ ಸಾಕು. 27 ಇಂಚೇ ಬೇಕೆಂದರೆ ಕ್ಯೂಎಚ್‌ಡಿಗಿಂತ ಕೆಳಗಿಳಿಯಬಾರದು. ಅಗ್ಗಕ್ಕೆ ಸಿಗುವ 18.5 ಇಂಚಿನ, 1366ಕ್ಕೆ 768ರ ಪರದೆಯಲ್ಲಿ ಪುಟದ ಅರ್ಧವೇ ಒಮ್ಮೆಗೆ ಕಾಣುವುದರಿಂದ ಓದುವ ಕೆಲಸಕ್ಕೆ ಅದು ತಕ್ಕದ್ದಲ್ಲ.

ಫಲಕದ ಬಗೆ

ಒಂದೇ ಅಳತೆ, ಒಂದೇ ಪಿಕ್ಸೆಲ್ ಇರುವ ಎರಡು ಪರದೆಗಳ ಬೆಲೆಯಲ್ಲಿ ಅಂತರ ಬರಲು ದೊಡ್ಡ ಕಾರಣ ಒಳಗಿನ ಫಲಕ. ಟಿಎನ್, ವಿಎ, ಐಪಿಎಸ್ ಎಂದು ಮೂರು ಬಗೆಗಳಿವೆ.

ಟಿಎನ್ ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ನೇರ ಎದುರಿಗೆ ಕೂತಾಗ ಪರವಾಗಿಲ್ಲ ಎನಿಸಿದರೂ ಸ್ವಲ್ಪ ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಿಟ್ಟು ಬಣ್ಣಗಳು ತಿರುಗುಮುರುಗಾಗುತ್ತವೆ. ಅಣ್ಣ ಕುರ್ಚಿಯಲ್ಲಿ, ತಂಗಿ ಪಕ್ಕದ ಸ್ಟೂಲಿನಲ್ಲಿ ಕೂತು ಒಂದೇ ಪಾಠ ನೋಡುವ ಮನೆಯಲ್ಲಿ ಇಬ್ಬರಿಗೂ ಒಂದೇ ಚಿತ್ರ ಕಾಣುವುದಿಲ್ಲ. ವಿಎ ಫಲಕದ ಶಕ್ತಿ ಕಪ್ಪು. ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ ಅದರಲ್ಲಿ ಸಾಮಾನ್ಯವಾಗಿ 3000ಕ್ಕೆ 1ರ ಸುಮಾರಿಗಿರುತ್ತದೆ; ಸಿನಿಮಾ ನೋಡಲು ಹಿತ. ಆದರೆ ಕತ್ತಲ ದೃಶ್ಯ ವೇಗವಾಗಿ ಓಡುವಾಗ ಕೆಲವು ವಿಎ ಪರದೆಗಳಲ್ಲಿ ಬಣ್ಣ ಬಳಿದಂತೆ ಗುರುತು ಉಳಿಯುತ್ತದೆ. ಐಪಿಎಸ್‌ನಲ್ಲಿ ಆ ಅನುಪಾತ ಬಹುಮಟ್ಟಿಗೆ 1000ಕ್ಕೆ 1. ಕತ್ತಲ ಕೋಣೆಯಲ್ಲಿ ಅದರ ಕಪ್ಪು ಬೂದಿಯಂತೆ ಕಾಣುತ್ತದೆ. ಆದರೆ ಯಾವ ದಿಕ್ಕಿನಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಓದು, ಬರಹ, ಪಾಠದ ವಿಡಿಯೊ, ಫೋಟೊ ಎಲ್ಲಕ್ಕೂ ಒಂದೇ ಪರದೆ ಬೇಕಾದ ಮನೆಗೆ ಐಪಿಎಸ್ ತಕ್ಕ ಆಯ್ಕೆ.

ಈ ಅನುಪಾತದ ಜಾಗದಲ್ಲಿ ಕೆಲವು ಪೆಟ್ಟಿಗೆಗಳ ಮೇಲೆ ಹತ್ತು ಲಕ್ಷಕ್ಕೆ 1, ಕೋಟಿಗೆ 1 ಎಂಬ ಅಂಕಿ ಇರುತ್ತದೆ. ಕಪ್ಪು ದೃಶ್ಯ ಬಂದಾಗ ಹಿಂಬೆಳಕನ್ನೇ ತಗ್ಗಿಸಿ ಲೆಕ್ಕ ಹಾಕಿದ ‘ಡೈನಾಮಿಕ್’ ಅನುಪಾತವದು. ಒಂದೇ ಚಿತ್ರದೊಳಗೆ ಬಿಳಿ, ಕಪ್ಪು ಹೇಗೆ ಕಾಣುತ್ತವೆ ಎಂಬುದನ್ನು ಅದು ಹೇಳುವುದಿಲ್ಲ. ಆ ಅಂಕಿಯನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ. ‘ಸ್ಟ್ಯಾಟಿಕ್’ ಅಥವಾ ‘ಟಿಪಿಕಲ್’ ಎಂದು ನಮೂದಿಸಿರುವುದನ್ನು ಮಾತ್ರ ಓದಬೇಕು.

ಬಣ್ಣ

ಬಣ್ಣದ ವಿಷಯದಲ್ಲಿ ನೋಡಬೇಕಾದ ಹೆಸರು ಎಸ್‌ಆರ್‌ಜಿಬಿ. 1996ರಲ್ಲಿ ರೂಪುಗೊಂಡ ಈ ಮಾನದಂಡದ ಮೇಲೆಯೇ ಇಂದಿಗೂ ಬಹುಪಾಲು ಫೋಟೊ ಮತ್ತು ಜಾಲತಾಣಗಳ ಬಣ್ಣ ನಿಂತಿದೆ. ಶೇಕಡಾ 99 ಎಸ್‌ಆರ್‌ಜಿಬಿ ಎಂದಿದ್ದರೆ ಚಿತ್ರ ತೆಗೆದವರು ಕಂಡ ಬಣ್ಣ ಬಹುತೇಕ ಹಾಗೆಯೇ ಕಾಣುತ್ತದೆ. ಕೆಲವರು ಹಳೆಯ ಅಳತೆಯಾದ ಎನ್‌ಟಿಎಸ್‌ಸಿಯಲ್ಲಿ ಹೇಳುತ್ತಾರೆ. ಶೇಕಡಾ 72 ಎನ್‌ಟಿಎಸ್‌ಸಿ ಎಂದರೆ ಹೆಚ್ಚುಕಡಿಮೆ ಪೂರ್ಣ ಎಸ್‌ಆರ್‌ಜಿಬಿಗೆ ಸಮ. ಶೇಕಡಾ 45 ಎನ್‌ಟಿಎಸ್‌ಸಿ ಎಂದಿದ್ದರೆ ಕುಂಕುಮ ಇಟ್ಟಿಗೆ ಪುಡಿಯಂತೆ, ಮಳೆಗಾಲದ ಗದ್ದೆ ಒಣಹುಲ್ಲಿನಂತೆ ಕಾಣುವ ಪರದೆ ಎಂದು ತಿಳಿಯಬೇಕು.

ಇನ್ನೊಂದು ಅಂಕಿ ಬಣ್ಣಗಳ ಸಂಖ್ಯೆ. 8 ಬಿಟ್‌ನ ಪರದೆ 1.67 ಕೋಟಿ ಬಣ್ಣ ತೋರಿಸುತ್ತದೆ. 6 ಬಿಟ್‌ನ ಪರದೆ ನಿಜವಾಗಿ ತೋರಿಸುವುದು 2.6 ಲಕ್ಷ, ಉಳಿದದ್ದನ್ನು ಚುಕ್ಕೆಗಳನ್ನು ವೇಗವಾಗಿ ಬದಲಿಸಿ ಭ್ರಮೆ ಹುಟ್ಟಿಸಿ ತುಂಬುತ್ತದೆ. ಓದುವ ಕೆಲಸಕ್ಕೆ ಈ ವ್ಯತ್ಯಾಸ ತೊಂದರೆ ಕೊಡದು. ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ, ಆಮಂತ್ರಣ ಪತ್ರ ವಿನ್ಯಾಸ ಮಾಡುವ ಡಿಟಿಪಿ ಅಂಗಡಿಯವರಿಗೆ ಇದು ಮುಖ್ಯ. ಮಕ್ಕಳು ಆ ಕಸುಬಿಗೆ ಕಾಲಿಡುವವರಾದರೆ ಮೊದಲೇ 8 ಬಿಟ್ ಪರದೆ ನೋಡುವುದು ಒಳ್ಳೆಯದು.

ಬೆಳಕು ಮತ್ತು ಮೇಲ್ಮೈ

ಹೊಳಪನ್ನು ‘ನಿಟ್’ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಮಾನ್ಯ ಪರದೆಗಳಲ್ಲಿ ಅದು 250. ಮನೆಯ ಕೋಣೆಯಲ್ಲಿ ಓದಲು 100ರಿಂದ 150 ನಿಟ್ ಸಾಕಾಗುವುದರಿಂದ ಹೊಳಪಿಗೆಂದೇ ಹೆಚ್ಚು ಹಣ ಕೊಡಬೇಕಾದ ಪ್ರಸಂಗ ವಿರಳ. ಹೊಳಪಿಗಿಂತ ಮೇಲ್ಮೈ ಮುಖ್ಯ. ಈ ಸೀಮೆಯ ಹಂಚಿನ ಮನೆಗಳಲ್ಲಿ ಬೆಳಕಿಗೆಂದು ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಕೂರಿಸುವುದು ವಾಡಿಕೆ. ಚಾವಡಿಯ ಮೇಜಿನಲ್ಲಿ ಕನ್ನಡಿಯಂತೆ ಹೊಳೆಯುವ ಪರದೆ ಇಟ್ಟರೆ ಆ ಹಂಚಿನ ಚೌಕ ನೇರವಾಗಿ ಪಾಠದ ನಡುವೆ ಬಂದು ಕೂರುತ್ತದೆ. ಹೊತ್ತು ಸರಿದಂತೆ ಅದೂ ಸಾಲಿನಿಂದ ಸಾಲಿಗೆ ಸರಿಯುತ್ತದೆ. ಮಂಕು ಮೇಲ್ಮೈಯ, ಅಂದರೆ ಮ್ಯಾಟ್ ಅಥವಾ ಆ್ಯಂಟಿ-ಗ್ಲೇರ್ ಪರದೆ ಆ ಚೌಕವನ್ನು ಚದುರಿಸುತ್ತದೆ. ಯಾವ ಪರದೆಯಾದರೂ ಕಿಟಕಿಗೆ ಎದುರಾಗಲಿ ಬೆನ್ನಾಗಲಿ ಮಾಡದೆ ಪಕ್ಕಕ್ಕೆ ಇರುವಂತೆ ಇಡಬೇಕು.

ಕೆಲವು ಪರದೆಗಳು ಹೊಳಪು ತಗ್ಗಿಸಲು ಹಿಂಬೆಳಕನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ನೇರವಾಗಿ ಕಾಣದ ಈ ಮಿಣುಕು ಕೆಲವರಿಗೆ ತಲೆನೋವು ತರುತ್ತದೆ. ಪರೀಕ್ಷೆ ಸುಲಭ. ಹೊಳಪನ್ನು ತೀರಾ ಕೆಳಗಿಳಿಸಿ, ಬಿಳಿ ಪುಟ ತೆರೆದು, ಅದರ ಮುಂದೆ ಪೆನ್ಸಿಲ್ ಒಂದನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಬೇಕು. ಪೆನ್ಸಿಲ್ಲಿನ ನೆರಳು ಒಂದೇ ಮಸುಕಾಗಿ ಕಂಡರೆ ಮಿಣುಕಿಲ್ಲ. ಬಿಡಿ ಬಿಡಿ ಕಡ್ಡಿಗಳಾಗಿ ಕಂಡರೆ ಮಿಣುಕಿದೆ.

‘ನೀಲಿ ಬೆಳಕಿನಿಂದ ರಕ್ಷಣೆ’ ಎಂಬ ಪ್ರಚಾರಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪರದೆಯ ಮುಂದೆ ಕಣ್ಣು ದಣಿಯಲು ಮುಖ್ಯ ಕಾರಣ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುವುದು, ಮತ್ತು ಒಂದೇ ದೂರವನ್ನು ದಿಟ್ಟಿಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿ ಆಚೆಯ ವಸ್ತುವನ್ನು ನೋಡಬೇಕೆಂಬುದು ಕಣ್ಣಿನ ವೈದ್ಯರು ಹೇಳುವ ಸೂತ್ರ. ಅಂಗಳದ ತೆಂಗಿನ ಮರ ಅಷ್ಟು ದೂರದಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಖರ್ಚಿಲ್ಲ.

ವೇಗ, ಕಾಲು, ತಂತಿ

ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಓದಿಗೆ 60 ಸಾಕು; 75 ಅಥವಾ 100 ಇದ್ದರೆ ಪುಟ ಸರಿಸುವಾಗ ಅಕ್ಷರ ಕಡಿಮೆ ಕಲಸುತ್ತದೆ. 144, 165 ಎಂಬವು ಆಟಗಾರರಿಗಾಗಿ ಇರುವ ಅಂಕಿಗಳು. ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಸಮಯವೆಂದು ಬರೆಯುವ ‘1 ಮಿಲಿಸೆಕೆಂಡ್’ ಅನುಕೂಲದ ಸ್ಥಿತಿಯಲ್ಲಿ ಅಳೆದದ್ದು. ಮನೆಯ ಬಳಕೆಯಲ್ಲಿ ಅದರಿಂದ ಆಗುವುದು ಅಷ್ಟರಲ್ಲೇ ಇದೆ.

ನಿಲ್ಲಿಸುವ ಕಾಲಿನ ವಿಷಯದಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಪರದೆಯ ಮೇಲಂಚು ಕೂತವರ ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು. ಕಣ್ಣಿನಿಂದ ಒಂದೂಕಾಲರಿಂದ ಒಂದೂವರೆ ಮೊಳ ದೂರವಿರಬೇಕು. ಎತ್ತರ ಬದಲಿಸಲಾಗದ ಅಗ್ಗದ ಕಾಲಿದ್ದರೆ ಮಗು ವರ್ಷಗಟ್ಟಲೆ ತಲೆ ತಗ್ಗಿಸಿ ಕೂರುತ್ತದೆ. ಅಂಥ ಪರದೆಯೇ ಬಂದಿದ್ದರೆ ಅಡಿಗೆ ಗಟ್ಟಿಮುಟ್ಟಾದ ಮರದ ಹಲಗೆ ಕೊಟ್ಟು ಎತ್ತರಿಸಬಹುದು. ಹಿಂಬದಿಯಲ್ಲಿ 75 ಅಥವಾ 100 ಮಿಲಿಮೀಟರ್ ಚೌಕದ ನಾಲ್ಕು ತೂತುಗಳಿದ್ದರೆ ಮುಂದೆ ಗೋಡೆಗೋ ಚಲಿಸುವ ತೋಳಿಗೋ ಜೋಡಿಸಬಹುದು.

ಜೋಡಿಸುವ ತಂತಿ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಆಗಿರಲಿ. ಹಳೆಯ ನೀಲಿ ತಲೆಯ ವಿಜಿಎ ತಂತಿಯಲ್ಲಿ ಒಳ್ಳೆಯ ಪರದೆಯೂ ಮಸುಕಾಗಿ ಕಾಣಬಹುದು. ಕಂಪ್ಯೂಟರಿನಲ್ಲಿ ಪರದೆಯ ಸಹಜ ಪಿಕ್ಸೆಲ್ ಸಂಖ್ಯೆಯನ್ನೇ ಆರಿಸಬೇಕು. 1920ರ ಪರದೆಗೆ 1366 ಕೊಟ್ಟರೆ ಅಕ್ಷರಗಳು ಕಲಸುತ್ತವೆ, ಆಮೇಲೆ ‘ಪರದೆ ಸರಿಯಿಲ್ಲ’ ಎಂಬ ದೂರು ಬರುತ್ತದೆ.

ಕರಾವಳಿಯ ಲೆಕ್ಕ

ಶಿರೂರಿನಿಂದ ಬ್ರಹ್ಮಾವರದವರೆಗಿನ ಮನೆಗೆ ಬೇರೆ ಊರಿನ ಸಲಹೆ ಹಾಗೆಯೇ ಹೊಂದುವುದಿಲ್ಲ. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯ ತೇವ ಎಲೆಕ್ಟ್ರಾನಿಕ್ ವಸ್ತುಗಳಿಗೆ ಶತ್ರು. ಮಳೆಗಾಲದಲ್ಲಿ ಪರದೆಯನ್ನು ದಿನವೂ ಸ್ವಲ್ಪ ಹೊತ್ತು ಹಚ್ಚಿಡುವುದು ಮುಚ್ಚಿಡುವುದಕ್ಕಿಂತ ಮೇಲು. ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ಒದ್ದೆ ಗೋಡೆಗೆ ಅಂಟಿಸಿ ಇಡಬಾರದು. ಮುಂಗಾರಿಗೆ ಮೊದಲು ಮತ್ತು ಹಿಂಗಾರಿನಲ್ಲಿ ಬರುವ ಗುಡುಗು ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡುವುದು ಒಂದೇ ಭದ್ರ ಉಪಾಯ. ಸರ್ಜ್ ಪ್ರೊಟೆಕ್ಟರ್ ಇದ್ದರೂ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದರಿಂದ ಪೂರ್ತಿ ಪ್ರಯೋಜನವಿಲ್ಲ. ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 24 ಇಂಚಿನ ಪರದೆಗೆ ಸುಮಾರು 20 ವ್ಯಾಟ್ ಸಾಕು. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ನಾಲ್ಕು ಯೂನಿಟ್‌ಗೂ ಕಡಿಮೆ.

ದುರಸ್ತಿಯ ದಾರಿಯನ್ನೂ ಮೊದಲೇ ಅಳೆಯಬೇಕು. ಸರ್ವಿಸ್ ಕೇಂದ್ರ ಉಡುಪಿ ಮಣಿಪಾಲದಲ್ಲಿದ್ದರೆ ಬ್ರಹ್ಮಾವರದವರಿಗೆ ಅರ್ಧ ಗಂಟೆಯ ಕೆಲಸ. ಮಂಗಳೂರಿನಲ್ಲಿ ಮಾತ್ರ ಇದ್ದರೆ ಬೈಂದೂರಿನವರಿಗೆ ಹೋಗಿಬರಲು ಒಂದು ದಿನ, ಒಂದು ದಿನದ ಕೂಲಿ. ಹಾಗಾಗಿ ಮನೆಗೇ ಬಂದು ಸರಿಪಡಿಸುವ ‘ಆನ್‌ಸೈಟ್’ ವಾರಂಟಿ ಮನೆಯ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕಂಪನಿಯ ಸಹಾಯವಾಣಿಗೆ ಕರೆಮಾಡಿ ಖಚಿತ ಮಾಡಿಕೊಳ್ಳಬೇಕು. ಮೂರು ವರ್ಷದ ವಾರಂಟಿ ಕೊಡುವ ಮಾದರಿಗಳು ಬೇಕಾದಷ್ಟಿವೆ. ಒಂದು ವರ್ಷದ್ದಕ್ಕೆ ಒಪ್ಪಿಕೊಳ್ಳಬೇಕಾದ ಅನಿವಾರ್ಯವಿಲ್ಲ. ಸತ್ತ ಪಿಕ್ಸೆಲ್, ಅಂದರೆ ಕೆಲಸ ಮಾಡದ ಚುಕ್ಕೆ, ಎಷ್ಟಿದ್ದರೆ ಬದಲಿಸಿ ಕೊಡುತ್ತಾರೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನೂ ಕೇಳಬೇಕು.

ಭಾರತದಲ್ಲಿ ಮಾರುವ ಮಾನಿಟರ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಹಿಂಬದಿಯ ಚೀಟಿಯಲ್ಲಿ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಸಿಗುತ್ತದೆ. ಸಂಖ್ಯೆಯೇ ಇಲ್ಲದ, ಬಿಲ್ಲಿಲ್ಲದೆ ಕೊಡುವ ಪರದೆ ಎಷ್ಟು ಅಗ್ಗವಾದರೂ ಬೇಡ.

ಬೆಲೆಯ ಲೆಕ್ಕ

ಒಳ್ಳೆಯ 22 ಅಥವಾ 24 ಇಂಚಿನ ಐಪಿಎಸ್ ಫುಲ್ ಎಚ್‌ಡಿ ಪರದೆ ಇಂದು ಸುಮಾರು ಏಳೆಂಟು ಸಾವಿರದಿಂದ ಹನ್ನೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕಳಪೆ ಪರದೆಗೂ ಇದಕ್ಕೂ ಇರುವ ಅಂತರ ಬಹಳ ಸಲ 1500 ರೂಪಾಯಿಯ ಸುಮಾರು. ದಿನಕ್ಕೆ ನಾಲ್ಕು ಗಂಟೆ ಬಳಸಿದರೆ ಐದು ವರ್ಷಕ್ಕೆ 7300 ಗಂಟೆಯಾಯಿತು. 1500 ರೂಪಾಯಿಯನ್ನು ಅಷ್ಟು ಗಂಟೆಗೆ ಹಂಚಿದರೆ ಗಂಟೆಗೆ 20 ಪೈಸೆ. ಮಗುವಿನ ಕಣ್ಣಿನ ಒಂದು ಗಂಟೆಯ ನೆಮ್ಮದಿಗೆ ಅದು ದುಬಾರಿಯಲ್ಲ. ಅದೇ ಹಣವನ್ನು ವಕ್ರ ಪರದೆ, ಬಣ್ಣದ ದೀಪದ ಕಾಲು, 165 ಹರ್ಟ್ಸ್‌ಗಳಿಗೆ ಕೊಟ್ಟರೆ ಓದುವ ಅಕ್ಷರಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯ ಪರದೆಗಳಲ್ಲಿ ಓಡುವ ಹೂವು, ಹಕ್ಕಿ, ಜಲಪಾತದ ಚಿತ್ರಗಳು ಯಾವ ಪರದೆಯನ್ನೂ ಚೆಂದ ತೋರಿಸಲೆಂದೇ ಮಾಡಿದವು. ಪರೀಕ್ಷೆಯ ಸಾಮಗ್ರಿಯನ್ನು ಮನೆಯಿಂದಲೇ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಬೇಕಾದ್ದು ಮೂರೇ ಕಡತ.

ಮೊದಲನೆಯದು ಕನ್ನಡದ ಒಂದು ಪುಟ, 11 ಪಾಯಿಂಟಿನಲ್ಲಿ. ಅದರಲ್ಲಿ ಸ್ವಾತಂತ್ರ್ಯ, ಅರ್ಥಶಾಸ್ತ್ರ, ವೈಶಿಷ್ಟ್ಯ, ಧಾರ್ಮಿಕ, ಘಟಕ, ಫಲಕ ಮೊದಲಾದ ಪದಗಳಿರಲಿ. ಒಂದೂವರೆ ಮೊಳ ದೂರದಿಂದ, ಮುಂದೆ ಬಾಗದೆ, ಮಗುವೇ ಓದಬೇಕು. ಎರಡನೆಯದು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಪುಟಗಳು. ಬಿಳಿಯಲ್ಲಿ ಕಪ್ಪು ಚುಕ್ಕೆ, ಕಪ್ಪಿನಲ್ಲಿ ಬೆಳಗುವ ಚುಕ್ಕೆ ಕಂಡರೆ ಆ ಪಿಕ್ಸೆಲ್ ಕೆಟ್ಟಿದೆ. ಕಪ್ಪು ಪುಟದಲ್ಲಿ ಮೂಲೆಗಳಿಂದ ಬೆಳಕು ಸೋರಿದರೆ ಹಿಂಬೆಳಕಿನ ಜೋಡಣೆ ಸರಿಯಿಲ್ಲ.

ಮೂರನೆಯದು ಬಡಗುತಿಟ್ಟಿನ ಯಕ್ಷಗಾನದ ಒಳ್ಳೆಯ ಎಚ್‌ಡಿ ವಿಡಿಯೊ. ಪರದೆಯ ಗುಣ ತೂಗಲು ಇದಕ್ಕಿಂತ ತಕ್ಕ ದೃಶ್ಯ ಈ ಸೀಮೆಯಲ್ಲಿ ಸಿಗಲಾರದು. ಹಿಂದೆ ರಾತ್ರಿಯ ಕತ್ತಲು, ಮುಂದೆ ರಂಗಸ್ಥಳದ ಬೆಳಕು. ಬಣ್ಣದ ವೇಷದ ಮುಖದಲ್ಲಿಟ್ಟ ಬಿಳಿ ಚಿಟ್ಟಿಯ ಚುಕ್ಕೆಗಳು ಬಿಡಿಬಿಡಿಯಾಗಿ ಕಂಡರೆ ಪಿಕ್ಸೆಲ್ ಸಾಕಷ್ಟಿದೆ. ಒಂದೇ ಬಿಳಿ ಪಟ್ಟಿಯಾದರೆ ಇಲ್ಲ. ಕಪ್ಪು ಗಡ್ಡದ ಎಳೆಗಳು ಹಿಂದಿನ ಕತ್ತಲಿನಿಂದ ಬೇರೆಯಾಗಿ ಕಂಡರೆ ಅನುಪಾತ ಸರಿಯಿದೆ. ಚೌಕುಳಿ ಸೀರೆಯ ಕೆಂಪು ಕೆಂಪಾಗಿಯೇ ಇದ್ದು ಕಿತ್ತಳೆಗೆ ತಿರುಗದಿದ್ದರೆ ಬಣ್ಣ ಸರಿಯಿದೆ. ವೇಷ ದಿಗಿಣ ಹಾಕುವಾಗ ಹಿಂದೆ ಬಾಲದಂತೆ ನೆರಳು ಎಳೆಯದಿದ್ದರೆ ವೇಗ ಸರಿಯಿದೆ. ಆಮೇಲೆ ಒಂದು ಹೆಜ್ಜೆ ಎಡಕ್ಕೆ, ಒಂದು ಬಲಕ್ಕೆ ಸರಿದು, ಸ್ವಲ್ಪ ಕೂತು ಮತ್ತೆ ಅದೇ ಮುಖವನ್ನು ನೋಡಬೇಕು. ಮುಖದ ಬಣ್ಣ ಬದಲಾಗದಿದ್ದರೆ ಫಲಕ ಒಳ್ಳೆಯದು.

ಪರೀಕ್ಷೆಗೆ ಮೊದಲು ಪರದೆಯ ‘ವಿವಿಡ್’, ‘ಡೈನಾಮಿಕ್’ ಬಗೆಗಳನ್ನು ತೆಗೆದು ‘ಸ್ಟ್ಯಾಂಡರ್ಡ್’ ಅಥವಾ ‘ಎಸ್‌ಆರ್‌ಜಿಬಿ’ಗೆ ಇಡಬೇಕು, ಎರಡು ಪರದೆ ಹೋಲಿಸುವಾಗ ಹೊಳಪು ಒಂದೇ ಮಟ್ಟದಲ್ಲಿರಬೇಕು. ಹೆಚ್ಚು ಹೊಳೆಯುವುದೇ ಮೇಲೆಂದು ಕಣ್ಣು ನಂಬಿಬಿಡುತ್ತದೆ. ಮನೆಗೆ ಬಂದ ಮೂರನೇ ದಿನ ಅದೇ ಹೊಳಪು ಚುಚ್ಚತೊಡಗುತ್ತದೆ.

ವಿನಂತಿ

ಮಾನ್ಯ ಹೆತ್ತವರೇ, ತಮ್ಮಲ್ಲಿ ಐದು ವಿನಂತಿಗಳಿವೆ. ಕಂಪ್ಯೂಟರಿಗೆ ಹಣ ತೆಗೆದಿಡುವಾಗ ಪರದೆಯ ಪಾಲನ್ನು ಮೊದಲೇ ಬೇರೆ ಎತ್ತಿಡಿ. ಉಳಿದದ್ದರಲ್ಲಿ ನೋಡೋಣ ಎನ್ನಬೇಡಿ. ಯಾರ ಕಣ್ಣು ಅದನ್ನು ನೋಡಬೇಕೋ ಆ ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಇಂಚು ಕೇಳುವುದಕ್ಕೆ ಮೊದಲು ಪಿಕ್ಸೆಲ್ ಎಷ್ಟು, ಫಲಕ ಯಾವುದು, ವಾರಂಟಿ ಎಷ್ಟು ವರ್ಷ, ಮನೆಗೆ ಬರುತ್ತಾರೆಯೇ ಎಂಬ ನಾಲ್ಕು ಪ್ರಶ್ನೆ ಕೇಳಿ. ಜಿಎಸ್‌ಟಿ ಸಂಖ್ಯೆ ಮತ್ತು ಪರದೆಯ ಕ್ರಮಸಂಖ್ಯೆ ಇರುವ ಬಿಲ್ ಪಡೆಯಿರಿ. ವಸ್ತು ದೋಷವುಳ್ಳದ್ದಾಗಿದ್ದು ಮಾರಿದವರು ಸ್ಪಂದಿಸದಿದ್ದರೆ ಸುಮ್ಮನಾಗಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಉಡುಪಿ ಜಿಲ್ಲಾ ಗ್ರಾಹಕರ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ಈ ಸೀಮೆಯ ಮಾತಿನಲ್ಲಿ ‘ನೋಡಿ’ ಎನ್ನುವುದಕ್ಕೆ ‘ಕಾಣಿ’ ಎನ್ನುತ್ತೇವೆ. ಪೆಟ್ಟಿಗೆಯ ಮೇಲಿನ ಅಂಕಿ ಓದಿ, ಆಮೇಲೆ ಕಾಣಿ. ಒಂದೂವರೆ ಮೊಳ ದೂರದಲ್ಲಿ ನೆಟ್ಟಗೆ ಕೂತ ಮಗು ‘ಧ’ವನ್ನು ‘ಧ’ ಎಂದೇ ಓದಿದರೆ, ಆ ಪರದೆಗೆ ಹಣ ಕೊಡಿ.

ಇಂತು ತಮ್ಮ ವಿಶ್ವಾಸಿ,
ಕುಂದಾಪುರದ ಒಬ್ಬ ಕಂಪ್ಯೂಟರ್ ಶಿಕ್ಷಕ